ಹಾಲು ಬಿಟ್ಟ ಮರಿಯ ಜಠರಾಗ್ನಿ

ಕಾಡಿನಲ್ಲಿ ಸ್ವೇಚ್ಛೆಯಿಂದ ಬಾಳುವ ಹಂದಿಯು ತನ್ನ ಮರಿಗಳಿಗೆ ಮೊಲೆಹಾಲನ್ನು ಒಮ್ಮೆಗೇ ನಿಲ್ಲಿಸುವುದಿಲ್ಲ. ತಾಯಿಯ ಹಿಂದೆ ಹಿಂದೆ ನಡೆದು, ಮೂತಿಯಿಂದ ನೆಲವನ್ನು ಕೆದಕಿ, ಗೆಡ್ಡೆ, ಬೇರು, ಹುಳುಹುಪ್ಪಟೆಗಳ ರುಚಿಯನ್ನು ಕಲಿಯುತ್ತ, ಮೂರು ನಾಲ್ಕು ತಿಂಗಳ ಅವಧಿಯಲ್ಲಿ ಆ ಮರಿಗಳು ಹಾಲಿನ ಹಂಗನ್ನು ತಾವಾಗಿಯೇ ತೊರೆಯುತ್ತವೆ. ಮನುಷ್ಯನ ದೊಡ್ಡಿಯಲ್ಲಿ ಇಂಥ ಸಾವಧಾನಕ್ಕೆ ಎಡೆಯಿಲ್ಲ. ನಮ್ಮ ನಾಡಿನಲ್ಲಿ ಮರಿಗಳನ್ನು ಆರರಿಂದ ಎಂಟು ವಾರಗಳವರೆಗೂ ತಾಯಿಯೊಡನೆ ಬಿಡುವುದುಂಟು. ತಾಯಿ ಬೇಗನೆ ಪುನಃ ಗರ್ಭ ಧರಿಸಲೆಂದು ಲೆಕ್ಕ ಹಾಕುವ ಯುರೋಪಿನಲ್ಲಾದರೋ, 28 ದಿನಗಳಿಗೆ ಮೊದಲು ಅಗಲಿಸಕೂಡದೆಂದು ಕಾನೂನೇ ವಿಧಿಸಬೇಕಾಯಿತು, ಅದರಲ್ಲಿಯೂ ವಿಶೇಷ ಏರ್ಪಾಡುಳ್ಳ ದೊಡ್ಡಿಗಳಿಗೆ 21 ದಿನಗಳ ವಿನಾಯಿತಿಯುಂಟು. ಹೆಚ್ಚು ಕಡಿಮೆ ತಾಸಿಗೊಮ್ಮೆ ದೊರೆಯುತ್ತಿದ್ದ ಬೆಚ್ಚನೆಯ ಹಾಲು ಒಂದು ದಿನ ಇದ್ದಕ್ಕಿದ್ದಂತೆ ಇಲ್ಲವಾಗಿ, ಅದರ ಸ್ಥಾನದಲ್ಲಿ ಒಣ ಧಾನ್ಯದ ಹುಡಿ ಬಂದು ಕೂರುತ್ತದೆ.

ಹಾಲಿನೊಡನೆ ನಷ್ಟವಾದುದು ಪುಷ್ಟಿ ಮಾತ್ರವಲ್ಲ. ಎಳೆಯ ಮರಿಯ ಜಠರಕ್ಕೆ ಬೇಕಾದಷ್ಟು ಆಮ್ಲವನ್ನು ತಾನೇ ಸ್ರವಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಆ ಕೊರತೆಯನ್ನು ತುಂಬುತ್ತಿದ್ದವು, ನಮ್ಮ ಮೊಸರನ್ನು ಹೆಪ್ಪುಗಟ್ಟಿಸುವ ಸೂಕ್ಷ್ಮಾಣುಗಳ ಬಂಧುಗಳು. ಹಾಲಿನ ಸಕ್ಕರೆಯನ್ನು ಅವು ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸಿ ಜಠರವನ್ನು ಹುಳಿಯಾಗಿ ಇರಿಸುತ್ತಿದ್ದುವು. ಹಾಲು ನಿಂತೊಡನೆ ಈ ಹುಳಿಯೂ ತಗ್ಗುತ್ತದೆ. ಸಾಲದುದಕ್ಕೆ, ಹೊಸ ಆಹಾರದಲ್ಲಿಯ ಸುಣ್ಣದ ಅಂಶವೂ ಪ್ರೋಟೀನೂ ಉಳಿದ ಆಮ್ಲವನ್ನು ಹೀರಿಕೊಳ್ಳುತ್ತವೆ. ತೀಕ್ಷ್ಣವಾದ ಆಮ್ಲವಿಲ್ಲದೆ ಕೆಲಸ ಮಾಡದ ಪೆಪ್ಸಿನ್ ಎಂಬ ಕಿಣ್ವವು ಹೀಗೆ ನಿಸ್ತೇಜವಾಗಲು, ಪ್ರೋಟೀನು ಅರೆಜೀರ್ಣವಾಗಿಯೇ ಕರುಳಿಗೆ ಜಾರುತ್ತದೆ.

ಅಲ್ಲಿಯೂ ಪರಿಸ್ಥಿತಿ ಒಳ್ಳೆಯದಲ್ಲ. ಸಣ್ಣ ಕರುಳಿನ ಒಳಮೈಯಲ್ಲಿ ಸಸಿಮಡಿಯ ಪೈರಿನಂತೆ ಒತ್ತಾಗಿ ನಿಂತಿರುವ ರಸಾಂಕುರಗಳು, ತಮ್ಮ ಮೇಲೆ ಹರಿದುಹೋಗುವ ಆಹಾರದಿಂದಲೇ ಪೋಷಣೆ ಪಡೆಯತಕ್ಕವು. ತಾಯಿಯನ್ನಗಲಿದ ಮರಿಗಳಲ್ಲಿ ಹಲವು ಮೊದಲ ದಿನವೆಲ್ಲ ಏನನ್ನೂ ಮುಟ್ಟುವುದಿಲ್ಲ. ಆ ಉಪವಾಸವೊಂದರಿಂದಲೇ ರಸಾಂಕುರಗಳು ಕುಗ್ಗಿ, ಹೀರುವ ಮೈ ಕಿರಿದಾಗಿ, ಚೇತರಿಸಿಕೊಳ್ಳಲು ಸುಮಾರು ಎರಡು ವಾರ ಹಿಡಿಯುತ್ತದೆ. ಈ ದುರ್ಬಲ ಕಾಲದಲ್ಲಿಯೇ ನಾವು ಮರಿಯ ಮುಂದೆ ಸೋಯಾ ಹಿಂಡಿಯನ್ನು ಸುರಿಯುವುದು.

ಸೋಯಾ ಅವರೆಯನ್ನು ನಿಂದಿಸುವುದು ನನ್ನ ಉದ್ದೇಶವಲ್ಲ; ಅಗ್ಗವಾಗಿ ದೊರೆಯುವ ಸಸ್ಯ ಪ್ರೋಟೀನುಗಳಲ್ಲಿ ಅಷ್ಟು ಸಮತೋಲದ್ದು ಮತ್ತೊಂದಿಲ್ಲ. ಆದರೆ ತನ್ನ ಬೀಜವನ್ನು ತಿನ್ನುವವರ ವಿರುದ್ಧ ಆ ಗಿಡವು ಕೆಲವು ಕಾವಲುಗಳನ್ನು ಇಟ್ಟಿದೆ. ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವವನ್ನು ತಡೆಯುವ ಪದಾರ್ಥ ಅವುಗಳಲ್ಲೊಂದು. ಬೇಯಿಸಿದ ಸೋಯಾದಿಂದ ಇಲಿಗಳು ಚೆನ್ನಾಗಿ ಬೆಳೆಯುತ್ತವೆ, ಹಸಿಯದರಿಂದ ಬೆಳೆಯವು ಎಂದು ಅಮೆರಿಕದ ಆಸ್‌ಬೋರ್ನ್ ಮತ್ತು ಮೆಂಡೆಲ್ 1917ರಷ್ಟು ಹಿಂದೆಯೇ ತೋರಿಸಿದ್ದರು. ಬೆಂಕಿಗೆ ಅಷ್ಟಾಗಿ ಮಣಿಯದ ಇತರ ಕಾವಲುಗಳೂ ಇವೆ: ಎಳೆಯ ಕರುಳನ್ನು ಕೆರಳಿಸುವ ಗ್ಲೈಸಿನಿನ್ ಮೊದಲಾದ ಪ್ರೋಟೀನುಗಳು, ಹೊಟ್ಟೆಯುಬ್ಬರಕ್ಕೆ ಕಾರಣವಾದ ರ್ಯಾಫಿನೋಸ್, ಸ್ಟ್ಯಾಕಿಯೋಸ್ ಸಕ್ಕರೆಗಳು. ಆದುದರಿಂದಲೇ ಮೊದಲ ವಾರಗಳಲ್ಲಿ ಹಾಲೊಡಕಿನ ಪುಡಿ, ಮೀನಿನ ಹುಡಿ ಮುಂತಾದ ದುಬಾರಿ ಪದಾರ್ಥಗಳನ್ನು ಬೆರೆಸುವ ಪದ್ಧತಿ.

ಜೀರ್ಣವಾಗದೆ ಉಳಿದ ಪ್ರೋಟೀನು ದೊಡ್ಡ ಕರುಳನ್ನು ಸೇರಿತೆಂದರೆ, ಅಲ್ಲಿ ಕಾದು ಕುಳಿತ ಸೂಕ್ಷ್ಮಾಣುಗಳು ಅದನ್ನು ಕೊಳೆಯಿಸಿ ಅಮೋನಿಯ, ಅಮೀನು, ಫೀನಾಲುಗಳನ್ನು ಹುಟ್ಟಿಸುತ್ತವೆ. ಇತ್ತ ಸಣ್ಣ ಕರುಳಿನಲ್ಲಿ ಇ. ಕೋಲೈ ಎಂಬ ಸೂಕ್ಷ್ಮಾಣುವಿನ ಕೆಲವು ದುಷ್ಟ ತಳಿಗಳು ತಮ್ಮ ಸೂಕ್ಷ್ಮ ರೋಮಗಳಿಂದ ಗೋಡೆಗೆ ಅಂಟಿಕೊಂಡು ವಿಷವನ್ನು ಸ್ರವಿಸಲು, ದೇಹದ ನೀರೂ ಲವಣವೂ ಕರುಳಿಗೆ ಹರಿದು ಮರಿ ಭೇದಿಯಿಂದ ಬಳಲುತ್ತದೆ. ಬಹುಕಾಲ ಇದಕ್ಕೆ ಆಂಟಿಬಯಾಟಿಕ್‌ಗಳೇ ಉತ್ತರವಾಗಿದ್ದವು. ಜನರಿಗಿಂತ ಹಂದಿಗಳ ಸಂಖ್ಯೆಯೇ ಅಧಿಕವಾದ ಡೆನ್ಮಾರ್ಕಿನಲ್ಲಿ, ಬೆಳವಣಿಗೆಗೆಂದು ಅವನ್ನು ಮೇವಿನಲ್ಲಿ ಬೆರೆಸುವ ರೂಢಿ 1990ರ ದಶಕದ ಅಂತ್ಯಕ್ಕೆ ನಿಂತಿತು. ಐರೋಪ್ಯ ಒಕ್ಕೂಟ 2006ರಲ್ಲಿ ಅದನ್ನು ನಿಷೇಧಿಸಿತು. ತರುವಾಯ ಆಸರೆಯಾಗಿದ್ದ ಸತುವಿನ ಆಕ್ಸೈಡಿನ ಔಷಧಪ್ರಮಾಣವೂ, ಗೊಬ್ಬರದ ಮೂಲಕ ಮಣ್ಣಿನಲ್ಲಿ ಸತುವು ಸಂಚಯವಾಗುವ ಭಯದಿಂದ, 2022ರಲ್ಲಿ ನಿಂತುಹೋಯಿತು.

ಔಷಧ ದೂರವಾದ ಮೇಲೆಯೇ ಮೇವಿನ ಕಡೆಗೆ ಸರಿಯಾಗಿ ಕಣ್ಣು ಹಾಯಿಸಿದ್ದು, ನನಗೆ ತೋರುವಂತೆ, ಪಶು ಆಹಾರ ಶಾಸ್ತ್ರದ ಕೊಂಚ ನಾಚಿಕೆಯ ಸಂಗತಿ. ಮೊದಲನೆಯ ಪಾಠ ಪ್ರೋಟೀನನ್ನು ಕಡಿಮೆ ಮಾಡುವುದು: ಶೇಕಡ 22–23 ಇದ್ದುದನ್ನು 18ರ ಸುಮಾರಿಗೆ ಇಳಿಸಿ, ಕೊರತೆಯಾದ ಲೈಸಿನ್, ಥ್ರಿಯೊನಿನ್ ಮುಂತಾದ ಅಮೈನೊ ಆಮ್ಲಗಳನ್ನು ಪ್ರತ್ಯೇಕವಾಗಿ ಬೆರೆಸಿದರೆ, ಬೆಳವಣಿಗೆಗೆ ಹೆಚ್ಚಿನ ಕುಂದಿಲ್ಲದೆ ಕೊಳೆಯುವ ಶೇಷ ಕುಗ್ಗುತ್ತದೆ. ನಮ್ಮ ಕಡಲೆಕಾಯಿ ಹಿಂಡಿಯನ್ನೇ ನೋಡಿ: ಪ್ರೋಟೀನು ಅದರಲ್ಲಿ ಧಾರಾಳ, ಲೈಸಿನ್ ಮಾತ್ರ ಅಲ್ಪ. ಅದನ್ನೇ ನೆಚ್ಚಿದರೆ ಮೈಗೂಡುವುದಕ್ಕಿಂತ ವ್ಯರ್ಥವಾಗುವುದೇ ಅಧಿಕ.

ಎರಡನೆಯದು ನಾರು. ಮರಿ ಅರಗಿಸಿಕೊಳ್ಳಲಾರದ ಈ ಪದಾರ್ಥವನ್ನು ಬಹುಕಾಲ ಮೇವಿನ ಕಸವೆಂದೇ ಗಣಿಸಿದ್ದರು. ಎಲ್ಲ ನಾರೂ ಒಂದೇ ಜಾತಿಯದಲ್ಲ. ನೀರಿನಲ್ಲಿ ಕರಗಿ ಅಂಟಾಗುವ ಗೋರಿಕಾಯಿ ಬೀಜದ ಗೋಂದಿನಂಥದು ಕರುಳಿನೊಳಗಣ ರಸವನ್ನು ಮಂದಗೊಳಿಸಿ, ರೋಗಾಣುಗಳಿಗೆ ನೆಲೆಸಲು ಅವಕಾಶ ಕೊಡಬಲ್ಲುದು. ಕರಗದ ಓಟ್ಸ್ ಹೊಟ್ಟು, ದಪ್ಪನಾಗಿ ಬೀಸಿದ ಗೋಧಿ ಬೂಸಾ ಇವಾದರೋ ಆಹಾರದ ಚಲನೆಯನ್ನು ಚುರುಕುಗೊಳಿಸಿ, ಇ. ಕೋಲೈ ಗೋಡೆಗೆ ಅಂಟುವುದನ್ನು ಕಡಿಮೆ ಮಾಡುತ್ತವೆ. ಇವೆರಡರ ನಡುವೆ, ಅಂಟಾಗದೆಯೂ ಸುಲಭವಾಗಿ ಹುದುಗುವ ಬೀಟ್‌ಗೆಡ್ಡೆಯ ಹಿಪ್ಪೆಯಂಥ ನಾರುಗಳಿವೆ: ದೊಡ್ಡ ಕರುಳಿನ ಸೂಕ್ಷ್ಮಾಣುಗಳಿಗೆ ಅವು ದೊರೆತರೆ ಪ್ರೋಟೀನಿನ ಗೊಡವೆಗೆ ಅಷ್ಟಾಗಿ ಹೋಗವು, ಬದಲಿಗೆ ಆ ಸೂಕ್ಷ್ಮಾಣುಗಳು ಹುಟ್ಟಿಸುವ ಬ್ಯುಟಿರಿಕ್ ಆಮ್ಲವೇ ಕರುಳಿನ ಗೋಡೆಯ ಕೋಶಗಳಿಗೆ ಆಹಾರವಾಗುತ್ತದೆ. ಹಾಗೆಂದು ಬೂಸಾವನ್ನೇ ತುಂಬುವಂತಿಲ್ಲ. ಮರಿಯ ಜಠರ ಅತಿ ಚಿಕ್ಕದು, ನಾರು ಹೆಚ್ಚಿದಷ್ಟೂ ಶಕ್ತಿಗೆ ಎಡೆ ಕಡಿಮೆ.

ನಾರನ್ನು ಹುದುಗಿಸಬಲ್ಲ ಸೂಕ್ಷ್ಮಾಣುಸಮೂಹವೂ ಒಂದು ರಾತ್ರಿಯಲ್ಲಿ ಸಿದ್ಧವಾಗದು. ಈ ಕಾರಣದಿಂದ ತಾಯಿಯ ಹಾಲು ಕುಡಿಯುತ್ತಿರುವಾಗಲೇ ಮೂಲೆಯಲ್ಲಿ ಕೊಂಚ ಮೇವಿಟ್ಟು ರುಚಿ ಹತ್ತಿಸುವುದುಂಟು. ಆದರೆ ಒಂದೇ ಸೂಲಿನ ಮರಿಗಳಲ್ಲಿ ಒಂದು ಆ ಮೇವಿಗೆ ಮುಗಿಬಿದ್ದರೆ, ಇನ್ನೊಂದು ಕೊನೆಯ ದಿನದವರೆಗೂ ಮೂಸಿಯೂ ನೋಡದು. ಅಂಥದಕ್ಕೆ, ಅಗಲಿದ ಮೊದಲ ಕೆಲವು ದಿನ, ಹುಡಿಯನ್ನು ಬೆಚ್ಚನೆಯ ನೀರಿನಲ್ಲಿ ಕಲಸಿ, ತೆಳುವಾದ ಅಂಬಲಿಯಾಗಿ, ಸ್ವಲ್ಪ ಸ್ವಲ್ಪವೇ ದಿನಕ್ಕೆ ಹಲವು ಬಾರಿ ಕೊಡುತ್ತಾರೆ.