ಪ್ರೌಢಶಾಲಾ ವೃತ್ತಿ ಶಿಕ್ಷಣ: ಸಣ್ಣ ಉದ್ದಿಮೆದಾರರು ತಿಳಿದಿರಬೇಕಾದ ಅಂಶಗಳು

ಕನಕಪುರ ತಾಲ್ಲೂಕಿನ ದೊಡ್ಡಆಲಹಳ್ಳಿಯಂತಹ ಗ್ರಾಮಗಳಲ್ಲಿ ಇಂದು ಪ್ರೌಢಶಾಲೆಯಲ್ಲಿ ಓದುತ್ತಿರುವವರೇ ನಾಳೆ ನಮ್ಮ ಅಂಗಡಿ, ರೀಲಿಂಗ್ ಘಟಕ ಹಾಗೂ ವರ್ಕ್‌ಶಾಪುಗಳಿಗೆ ಕೆಲಸಗಾರರಾಗಿ ಬರುವವರು. ಆದ್ದರಿಂದ ಅವರ ತರಬೇತಿಗೆ ವಿನಿಯೋಗವಾಗುವ ಸಾರ್ವಜನಿಕ ಹಣದ ಸ್ವರೂಪವನ್ನು ವರ್ತಕರು ಅರಿತಿರುವುದು ಅವಶ್ಯ.

2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯು 9ರಿಂದ 12ನೇ ತರಗತಿಯವರೆಗಿನ ವೃತ್ತಿ ಶಿಕ್ಷಣವನ್ನು ಒಳಗೊಂಡಿದೆ. ಕರ್ನಾಟಕದ ಮಟ್ಟಿಗೆ ಇದರ ವೆಚ್ಚದಲ್ಲಿ ಕೇಂದ್ರ ಮತ್ತು ರಾಜ್ಯಗಳ ಪಾಲು 60:40. ಆಯ್ದ ಶಾಲೆಗಳಲ್ಲಿ ರೀಟೇಲ್, ಆಟೋಮೊಬೈಲ್, ಮಾಹಿತಿ ತಂತ್ರಜ್ಞಾನ ಮುಂತಾದ ವಿಷಯಗಳ ಬೋಧನೆಯೊಂದಿಗೆ ಉದ್ದಿಮೆಗಳ ಭೇಟಿಗೂ, ಅನುಭವಿಗಳ ಉಪನ್ಯಾಸಕ್ಕೂ ಅವಕಾಶವಿದೆ. ಇದಕ್ಕೆ ಸಹಕರಿಸಲು ಉದ್ದಿಮೆದಾರರಿಗೆ ತಗಲುವ ಖರ್ಚು ಅತ್ಯಲ್ಪ.

ಆದರೆ ಕಲಿಕೆಯ ಭೇಟಿಯೇ ಬೇರೆ, ದುಡಿಮೆಯೇ ಬೇರೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಂತೆ 14 ವರ್ಷದೊಳಗಿನವರ ನೇಮಕ ನಿಷಿದ್ಧ. 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಗಳಿಗೆ ನೇಮಿಸುವಂತಿಲ್ಲ. ತಪ್ಪಿದಲ್ಲಿ 6 ತಿಂಗಳಿಂದ 2 ವರ್ಷಗಳ ಸೆರೆವಾಸ, ಅಥವಾ ರೂ. 20,000ದಿಂದ 50,000ದವರೆಗೆ ದಂಡ, ಅಥವಾ ಎರಡೂ ಪ್ರಾಪ್ತವಾಗಬಹುದು.

ಶಾಲೆ ಮುಗಿಸಿದವರನ್ನು ಕೆಲಸ ಕಲಿಯಲು ಸೇರಿಸಿಕೊಳ್ಳುವುದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆ ಸೂಕ್ತ ಮಾರ್ಗ. 2019ರ ನಿಯಮಗಳಂತೆ 30 ಅಥವಾ ಅದಕ್ಕೂ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳಿಗೆ ಇದು ಕಡ್ಡಾಯ. 4ರಿಂದ 29 ಮಂದಿಯಿದ್ದಲ್ಲಿ ಐಚ್ಛಿಕ. ಅಪಾಯಕಾರಿ ಉದ್ದಿಮೆಯಾದರೆ ಅಭ್ಯರ್ಥಿಗೆ 18 ವರ್ಷ ತುಂಬಿರಬೇಕು. 2016ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯು ಸ್ಟೈಪೆಂಡಿನ ಶೇ. 25ರಷ್ಟನ್ನು, ತಿಂಗಳಿಗೆ ಗರಿಷ್ಠ ರೂ. 1,500ರ ಮಿತಿಯಲ್ಲಿ, ಕೇಂದ್ರವೇ ಭರಿಸುವ ವ್ಯವಸ್ಥೆ ಮಾಡಿತು.

ವಯಸ್ಸಿನ ದಾಖಲೆಯನ್ನು ಪರಿಶೀಲಿಸಿ, ಒಪ್ಪಂದವನ್ನು ಪೋರ್ಟಲ್‌ನಲ್ಲಿ ನೋಂದಾಯಿಸಿ, ಸ್ಟೈಪೆಂಡನ್ನು ಬ್ಯಾಂಕ್ ಮೂಲಕವೇ ಪಾವತಿಸುವುದು ಕ್ಷೇಮ. ಬಾಯಿಮಾತಿನ ನೇಮಕದಿಂದ ಹುಡುಗನಿಗೆ ಪ್ರಮಾಣಪತ್ರ ದೊರೆಯದು, ಮಾಲೀಕನಿಗೆ ಕಾನೂನಿನ ರಕ್ಷಣೆಯೂ ದೊರೆಯದು.