ಕಂಬದಂಥ ಎಲ್ಮ್ ಮರಗಳ ಕಣ್ಮರೆ

ಕರ್ನಾಟಕದ ಕಾಡಂಚಿನಲ್ಲಿ ಬೆಳೆಯುವ ತಪಸಿ ಮರವೂ ಯುರೋಪಿನ ಎಲ್ಮ್ ಮರವೂ ಒಂದೇ ಕುಟುಂಬದವು. ಬಿಲ್ಲೆಯಂಥ ತೆಳುರೆಕ್ಕೆಯ ಬೀಜ ನೋಡಿದರೆ ನಂಟು ತಿಳಿಯುತ್ತದೆ. ಎಲ್ಮ್ ಸಹಜವಾಗಿ ಕೊಂಬೆ ಚಾಚಿ ಹರಡುವ ಮರ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಉದ್ಯಾನ ಕಟ್ಟುವವರಿಗೆ ಇಕ್ಕಟ್ಟಿನ ಜಾಗಕ್ಕೂ ಒಪ್ಪುವ, ಕಂಬದಂತೆ ನೆಟ್ಟಗೆ ಏರುವ ಮರಗಳ ಮೋಹ ಹತ್ತಿತು.

1826ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಊರಿನ ಬಳಿ ಅಂಥದೊಂದು ಎಲ್ಮ್ ಸಿಕ್ಕಿತು. ಕೊಂಬೆಗಳೆಲ್ಲ ಮೇಲ್ಮುಖ, ಸುಕ್ಕುಗಟ್ಟಿದ, ತಿರುಚಿದ ಕಡುಹಸಿರು ಎಲೆ. ಅದರ ಬೀಜ ಬಿತ್ತಿದರೆ ಅದೇ ರೂಪ ಬರುತ್ತದೆಂಬ ಖಾತರಿಯಿಲ್ಲ. ಹೀಗಾಗಿ ಮಾವಿಗೆ ಮಾಡುವಂತೆ ಕಸಿಯೇ ದಾರಿ. ಊರೂರಿಗೆ ಹೋದ ಎಕ್ಸೆಟರ್ ಎಲ್ಮ್‌ಗಳೆಲ್ಲ ಹೀಗೆ ಒಂದೇ ಮರದ ತುಂಡುಗಳು. ತಳಿಯ ಸೊಬಗೂ ದೌರ್ಬಲ್ಯವೂ ಇದೇ: ಒಂದಕ್ಕೆ ತಗಲುವ ರೋಗಕ್ಕೆ ಉಳಿದವೂ ಅಷ್ಟೇ ಸುಲಭದ ತುತ್ತು.

ರೋಗ ಬಂದೇ ಬಂತು. ತೊಗಟೆ ಕೊರೆಯುವ ಜೀರುಂಡೆಗಳು ಹೊತ್ತು ತರುವ ಶಿಲೀಂಧ್ರ ಅದು. ಅದನ್ನು ತಡೆಯಲು ಮರ ತನ್ನದೇ ನೀರಿನ ನಾಳಗಳನ್ನು ಮುಚ್ಚಿಕೊಳ್ಳುತ್ತದೆ, ಬಾಯಾರಿ ಒಣಗುತ್ತದೆ. 1920ರ ದಶಕದಲ್ಲಿ ಹಾಲೆಂಡಿನ ವಿಜ್ಞಾನಿಗಳು ಕಾರಣ ಕಂಡುಹಿಡಿದರು; ಆ ಉಪಕಾರಕ್ಕೆ ಪ್ರತಿಯಾಗಿ ರೋಗಕ್ಕೇ 'ಡಚ್' ಎಂಬ ಹೆಸರು ಅಂಟಿತು. 1960ರ ದಶಕದ ಕೊನೆಗೆ ಉತ್ತರ ಅಮೆರಿಕದ ದಿಮ್ಮಿಗಳೊಡನೆ ಇನ್ನೂ ಉಗ್ರವಾದ ಶಿಲೀಂಧ್ರ ಬ್ರಿಟನ್ನಿಗೆ ಬಂದು, ಕೋಟಿಗಟ್ಟಲೆ ಎಲ್ಮ್‌ಗಳನ್ನು ಬಲಿ ತೆಗೆದುಕೊಂಡಿತು. ಎಕ್ಸೆಟರ್ ಎಲ್ಮ್ ಅಲ್ಲೊಂದು ಇಲ್ಲೊಂದು ಉಳಿದಿದೆ. ಹಳೆಯ ನರ್ಸರಿ ಪಟ್ಟಿಗಳ ಎಷ್ಟೋ ತಳಿಗಳದು ಈಗ ಹೆಸರು ಮಾತ್ರ.

ಕಳೆದುಹೋಯಿತೆಂದು ಹೇಳುವುದೂ ಸುಲಭವಲ್ಲ. ಎಳೆಯದರಲ್ಲಿ ಕಂಬದಂತಿದ್ದ ಎಕ್ಸೆಟರ್ ಎಲ್ಮ್ ವಯಸ್ಸಾದಂತೆ ಮೈ ಬಿಡುತ್ತದೆ. ಪಟ್ಟಿಯ ವರ್ಣನೆ ನಂಬಿ ಹುಡುಕುವವನು ಮುದಿ ಮರದ ಬುಡದಲ್ಲೇ ನಿಂತು ಗುರುತಿಸದೆ ಹೋದಾನು. 2016ರಲ್ಲಿ ಎಡಿನ್‌ಬರೋದ ಹಾಲಿರೂಡ್ ಅರಮನೆಯ ತೋಟದಲ್ಲಿ ಎರಡು ವೆಂಟ್‌ವರ್ತ್ ಎಲ್ಮ್‌ಗಳು ಪತ್ತೆಯಾದವು. ಅದು ಕೊಂಬೆ ಇಳಿಬಿಡುವ ತಳಿ, ಬ್ರಿಟನ್ನಿನಲ್ಲಿ ಅಳಿದೇಹೋಯಿತೆಂದು ತಿಳಿಯಲಾಗಿತ್ತು. ಸುಮಾರು ನೂರು ಅಡಿ ಎತ್ತರದ ಮರಗಳು, ಅದೂ ರಾಣಿಯ ತೋಟದಲ್ಲಿ! 1902ರಲ್ಲಿ ಜರ್ಮನಿಯಿಂದ ಆ ಊರಿನ ಸಸ್ಯೋದ್ಯಾನಕ್ಕೆ ಇದೇ ತಳಿಯ ಮೂರು ಸಸಿ ಬಂದದ್ದು ದಾಖಲೆಯಲ್ಲಿತ್ತು. ಉದ್ಯಾನದಲ್ಲಿದ್ದ ಒಂದು 1996ರಲ್ಲಿ ರೋಗಕ್ಕೆ ಸತ್ತಿತ್ತು. ಉಳಿದೆರಡು ಬಹುಶಃ ಇವೇ.

ಎಕ್ಸೆಟರ್ ಎಲ್ಮ್‌ನ ವಂಶ ಬೇರೊಂದು ದಾರಿಯಲ್ಲಿ ಮುಂದುವರಿದಿದೆ. ರೋಗ ತಾಳುವ ಮರಕ್ಕಾಗಿ ಡಚ್ ತಳಿಗಾರರು ಅದನ್ನು ಭಾರತದ ಹಿಮಾಲಯದಲ್ಲೂ ಬೆಳೆಯುವ ಎಲ್ಮ್ ಜಾತಿಯೊಂದಿಗೆ ಕೂಡಿಸಿದರು. ಅದರ ಮುಂದಿನ ಪೀಳಿಗೆಯ 'ಲೋಬೆಲ್' 1973ರಲ್ಲಿ ಹೊರಬಂತು. ರೋಗನಿರೋಧ ಪೂರ್ತಿಯಲ್ಲ, ನಿಲುವು ಮಾತ್ರ ನೆಟ್ಟಗೆ, ಕಂಬದಂತೆ. ಹಿಮಾಲಯದ ಆ ಎಲ್ಮ್‌ನ ಕೊಂಬೆಗಳನ್ನೋ, ಅಲ್ಲಿನ ಹಳ್ಳಿಗರು ದನಗಳ ಮೇವಿಗೆಂದು ವರ್ಷವರ್ಷವೂ ಸವರುತ್ತಾರೆ. ಕಾಡಿನಲ್ಲಿ ಅದರ ಸಂಖ್ಯೆ ಕುಗ್ಗಿ, ಅಪಾಯದಲ್ಲಿರುವ ಮರಗಳ ಪಟ್ಟಿಗೆ ಅದೂ ಸೇರಿದೆ.