ನಲವತ್ತೈದಾದರೂ ‘ಇಕಿಗಾಯ್’ ಸಿಕ್ಕಿಲ್ಲವೇ? ಆ ನಾಲ್ಕು ವೃತ್ತಗಳ ಚಿತ್ರ ಎಲ್ಲಿಂದ ಬಂತು ಗೊತ್ತಾ?

ನಾಲ್ಕು ವೃತ್ತಗಳು ಒಂದರ ಮೇಲೊಂದು ಕೂತಿರುವ ಆ ಚಿತ್ರ ನಿಮ್ಮ ಫೋನಿಗೂ ಬಂದಿರಬಹುದು. ಒಂದರಲ್ಲಿ ‘ನಿಮಗೆ ಇಷ್ಟವಾದದ್ದು’, ಇನ್ನೊಂದರಲ್ಲಿ ‘ನೀವು ಚೆನ್ನಾಗಿ ಮಾಡಬಲ್ಲದ್ದು’, ಮೂರನೆಯದರಲ್ಲಿ ‘ಜಗತ್ತಿಗೆ ಬೇಕಾದದ್ದು’, ನಾಲ್ಕನೆಯದರಲ್ಲಿ ‘ನಿಮಗೆ ಹಣ ತರುವಂಥದ್ದು’. ನಾಲ್ಕೂ ಸೇರುವ ನಟ್ಟನಡುವೆ ‘ಇಕಿಗಾಯ್’ ಎಂಬ ಪದ. ಕೆಳಗೆ ಸಾಮಾನ್ಯವಾಗಿ ಒಂದಿಷ್ಟು ಒಗ್ಗರಣೆ ಇರುತ್ತದೆ. ಇದು ಜಪಾನೀಯರ ಪುರಾತನ ಗುಟ್ಟು, ಇದನ್ನು ಕಂಡುಕೊಂಡವರು ನೂರು ವರ್ಷ ಬದುಕುತ್ತಾರೆ, ನಲವತ್ತು ದಾಟಿದರೂ ಕಂಡುಕೊಳ್ಳದವರ ಬದುಕು ವ್ಯರ್ಥ, ಹೀಗೆ.

ಬೆಳಗ್ಗೆ ಶುಭೋದಯದ ಗುಲಾಬಿ ಹೂವಿನ ಜೊತೆ ಬರುವ ಇದನ್ನು ನೋಡಿ ನಕ್ಕು ಮುಂದೆ ಹೋಗುವವರಿದ್ದಾರೆ. ಆದರೆ ಎಲ್ಲರಿಗೂ ಹಾಗಾಗುವುದಿಲ್ಲ. ಮಗಳ ಕಾಲೇಜು ಫೀಸು, ಅಪ್ಪನ ಮಂಡಿ ಆಪರೇಷನ್, ಮನೆ ಸಾಲದ ಇಎಂಐ ಎಲ್ಲವನ್ನೂ ಹೊತ್ತುಕೊಂಡು ಇಪ್ಪತ್ತು ವರ್ಷದಿಂದ ಒಂದೇ ಕೆಲಸ ಮಾಡುತ್ತಿರುವವರು ಆ ನಾಲ್ಕು ವೃತ್ತಗಳಲ್ಲಿ ತಮ್ಮನ್ನು ಹುಡುಕಿಕೊಳ್ಳುತ್ತಾರೆ. ಇಷ್ಟವಾದದ್ದಕ್ಕೆ ಹಣ ಬರುವುದಿಲ್ಲ, ಹಣ ಬರುವುದು ಇಷ್ಟವಿಲ್ಲ. ‘ಹಾಗಾದರೆ ನಾನು ಇಷ್ಟು ವರ್ಷ ಮಾಡಿದ್ದೇನು?’ ಎಂಬ ಪ್ರಶ್ನೆ ಹೊಟ್ಟೆಯಲ್ಲಿ ಕೂತುಬಿಡುತ್ತದೆ. ಕೆಲವರು ಸಾವಿರಾರು ರೂಪಾಯಿ ಕೊಟ್ಟು ‘ಜೀವನದ ಉದ್ದೇಶ ಕಂಡುಕೊಳ್ಳುವ’ ಕಾರ್ಯಾಗಾರಕ್ಕೆ ಸೇರುತ್ತಾರೆ. ಕೆಲವರು ಕೈಯಲ್ಲಿದ್ದ ಕೆಲಸಕ್ಕೆ ರಾಜೀನಾಮೆ ಬರೆಯುತ್ತಾರೆ.

ನನಗಿನ್ನೂ ಮೂವತ್ತಾಗಿಲ್ಲ. ನಿಮ್ಮ ಬದುಕಿನ ಉದ್ದೇಶ ಏನೆಂದು ಹೇಳುವ ವಯಸ್ಸೂ ಅಲ್ಲ, ಅದು ನನ್ನ ಕೆಲಸವೂ ಅಲ್ಲ. ಆದರೆ ಒಂದು ಫಾರ್ವರ್ಡ್ ಎಲ್ಲಿಂದ ಬಂತು, ಅದರಲ್ಲಿ ಎಷ್ಟು ನಿಜ ಎಂದು ಹುಡುಕುವುದು ನನ್ನ ಕೆಲಸ. ಬನ್ನಿ, ನೋಡೋಣ.

ಚಿತ್ರ ಹುಟ್ಟಿದ್ದು ಜಪಾನಿನಲ್ಲಲ್ಲ

ಈ ನಾಲ್ಕು ವೃತ್ತಗಳನ್ನು ಬರೆದವರು ಸ್ಪೇನ್ ದೇಶದ ಆಂದ್ರೆಸ್ ಸುಸುನಾಗ. ವೃತ್ತಿಯಲ್ಲಿ ಜ್ಯೋತಿಷಿ. ಅವರ ಚಿತ್ರದ ನಡುವೆ ಇದ್ದ ಪದ ಇಕಿಗಾಯ್ ಅಲ್ಲ, ‘ಉದ್ದೇಶ’ ಎಂಬ ಅರ್ಥದ ಸ್ಪ್ಯಾನಿಷ್ ಪದ. 2012ರಲ್ಲಿ ಅದು ಸ್ಪ್ಯಾನಿಷ್ ಪುಸ್ತಕವೊಂದರಲ್ಲಿ ಅಚ್ಚಾಯಿತು. 2014ರಲ್ಲಿ ಮಾರ್ಕ್ ವಿನ್ ಎಂಬ ಬ್ರಿಟಿಷ್ ಲೇಖಕ, ಜಪಾನಿನ ಓಕಿನಾವಾ ದ್ವೀಪದ ದೀರ್ಘಾಯುಷಿಗಳ ಬಗ್ಗೆ ಡ್ಯಾನ್ ಬ್ಯೂಟ್ನರ್ ಮಾಡಿದ ಟೆಡ್ ಭಾಷಣವನ್ನು ನೋಡಿದರು. ಅದರಲ್ಲಿ ಇಕಿಗಾಯ್ ಪದ ಬರುತ್ತದೆ. ವಿನ್ ಆ ಪದವನ್ನು ಎತ್ತಿ ಈ ಚಿತ್ರದ ನಡುವೆ ಇಟ್ಟು ತಮ್ಮ ಬ್ಲಾಗಿನಲ್ಲಿ ಹಾಕಿದರು. ತಾನು ಮಾಡಿದ್ದು ಒಂದೇ ಒಂದು ಪದದ ಬದಲಾವಣೆ ಎಂದು ಆಮೇಲೆ ಅವರೇ ಬರೆದಿದ್ದಾರೆ. ‘ಪುರಾತನ ಗುಟ್ಟಿ’ನ ವಯಸ್ಸು ಇಷ್ಟು: ವಾಟ್ಸಾಪ್‌ಗಿಂತಲೂ ಚಿಕ್ಕದು!

ಹಾಗೆಂದು ಇಕಿಗಾಯ್ ಎಂಬ ಪದವೇ ಸುಳ್ಳಲ್ಲ. ಅದು ಜಪಾನೀ ಭಾಷೆಯ ದಿನಬಳಕೆಯ ಮಾತು. ‘ಬದುಕಲು ಒಂದು ನೆವ’ ಎಂದು ನಾವು ಹೇಳುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಮೊಮ್ಮಗು ಇಕಿಗಾಯ್ ಆಗಬಹುದು, ಹಿತ್ತಲಿನ ಗಿಡ ಆಗಬಹುದು, ಸಂಜೆ ಸ್ನೇಹಿತರ ಜೊತೆಗಿನ ಚಹಾ ಆಗಬಹುದು. ಹಣ ಬರಲೇಬೇಕು ಎಂಬ ಷರತ್ತು ಅದರಲ್ಲಿಲ್ಲ. 2010ರಲ್ಲಿ 2,000 ಜಪಾನೀಯರನ್ನು ಕೇಳಿದ ಒಂದು ಸಮೀಕ್ಷೆಯಲ್ಲಿ ತಮ್ಮ ಕೆಲಸವೇ ತಮ್ಮ ಇಕಿಗಾಯ್ ಎಂದವರು ಶೇ. 31 ಮಾತ್ರ.

ಈ ಪದವನ್ನು ಮನಶ್ಶಾಸ್ತ್ರದ ಕಣ್ಣಿನಿಂದ ಗಂಭೀರವಾಗಿ ನೋಡಿದವರು ಮಿಯೆಕೊ ಕಾಮಿಯಾ ಎಂಬ ವೈದ್ಯೆ. ಅವರ ಪುಸ್ತಕ ಬಂದದ್ದು 1966ರಲ್ಲಿ. ಅವರಿಗೆ ಈ ಪ್ರಶ್ನೆ ಎದುರಾದದ್ದು ಕಾರ್ಪೊರೇಟ್ ಆಫೀಸಿನಲ್ಲಲ್ಲ, ನಾಗಾಶಿಮಾ ದ್ವೀಪದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ. ಆಗ ಜಪಾನಿನಲ್ಲಿ ಕುಷ್ಠ ಬಂದವರನ್ನು ಮನೆ, ಊರುಗಳಿಂದ ಬೇರ್ಪಡಿಸಿ ಇಡುವ ಕಾನೂನಿತ್ತು. ಅದು ರದ್ದಾದದ್ದು 1996ರಲ್ಲಿ. ಕುಟುಂಬ, ಉದ್ಯೋಗ, ಹೆಸರು ಎಲ್ಲ ಕಳೆದುಕೊಂಡವರಿಗೆ ಬದುಕಲು ಏನು ಉಳಿಯುತ್ತದೆ ಎಂಬುದು ಕಾಮಿಯಾ ಅವರ ಪ್ರಶ್ನೆಯಾಗಿತ್ತು. ಅಂಥ ಕಡೆಯಿಂದ ಎದ್ದು ಬಂದ ಪದ ಈಗ ‘ಹಣ ತರುವಂಥದ್ದು’ ಎಂಬ ವೃತ್ತದೊಳಗೆ ಸಿಕ್ಕಿಕೊಂಡಿದೆ. ನನಗಂತೂ ಈ ಇಡೀ ಕಥೆಯಲ್ಲಿ ಬೇಸರ ತರಿಸುವ ಭಾಗ ಇದೇ.

ಉದ್ದೇಶ ಇದ್ದವರು ಹೆಚ್ಚು ವರ್ಷ ಬದುಕುತ್ತಾರೆ ಎನ್ನುವುದು?

ಫಾರ್ವರ್ಡಿನ ಈ ಭಾಗ ಪೂರ್ತಿ ಸುಳ್ಳಲ್ಲ. ಅದಕ್ಕೇ ಇದನ್ನು ನಿಧಾನವಾಗಿ ನೋಡಬೇಕು.

ಜಪಾನಿನ ಓಸಾಕಿ ಪ್ರದೇಶದಲ್ಲಿ 40ರಿಂದ 79 ವರ್ಷದ 43,391 ಜನರಿಗೆ ಸಂಶೋಧಕರು ಒಂದು ಸರಳ ಪ್ರಶ್ನೆ ಕೇಳಿದರು: ನಿಮ್ಮ ಬದುಕಿನಲ್ಲಿ ಇಕಿಗಾಯ್ ಇದೆಯೇ? ಶೇ. 59 ಜನ ‘ಇದೆ’ ಎಂದರು, ಶೇ. 36ರಷ್ಟು ಜನ ‘ಹೇಳಲಾಗದು’ ಎಂದರು, ‘ಇಲ್ಲ’ ಎಂದವರು ಶೇ. 5ಕ್ಕೂ ಕಡಿಮೆ. ಏಳು ವರ್ಷ ಇವರನ್ನೆಲ್ಲ ಗಮನಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ‘ಇದೆ’ ಎಂದವರಿಗೆ ಹೋಲಿಸಿದರೆ ‘ಇಲ್ಲ’ ಎಂದವರಲ್ಲಿ ಸಾವಿನ ಅಪಾಯ ಸುಮಾರು ಒಂದೂವರೆ ಪಟ್ಟು ಇತ್ತು. ಅಮೆರಿಕದಲ್ಲಿ 50 ದಾಟಿದ ಸುಮಾರು 7,000 ಜನರ ಮೇಲಿನ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಬದುಕಿಗೆ ಉದ್ದೇಶವಿದೆ ಎಂಬ ಭಾವನೆ ಅತಿ ಕಡಿಮೆ ಇದ್ದವರ ಸಾವಿನ ಅಪಾಯ, ಅತಿ ಹೆಚ್ಚು ಇದ್ದವರಿಗಿಂತ ಎರಡು ಪಟ್ಟಿಗೂ ಮೀರಿತ್ತು.

ಅಂದರೆ ಉದ್ದೇಶ ಇಲ್ಲದ್ದೇ ಸಾವಿಗೆ ಕಾರಣವಾ? ಅವಸರ ಬೇಡ. ಬೀದಿಯಲ್ಲಿ ಕೊಡೆ ಹಿಡಿದವರು ಹೆಚ್ಚಿದ್ದ ದಿನ ಮಳೆಯೂ ಬರುತ್ತದೆ, ಹಾಗೆಂದು ಕೊಡೆಯಿಂದ ಮಳೆ ಬರುವುದಿಲ್ಲವಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನು ‘ನಿಮಗೆ ಬದುಕಿನಲ್ಲಿ ಗುರಿ ಇದೆಯೇ’ ಎಂದು ಕೇಳಿ ನೋಡಿ. ‘ಇಲ್ಲ ಸ್ವಾಮಿ, ಸುಸ್ತಾಗಿದೆ’ ಎನ್ನಬಹುದು. ಅಲ್ಲಿ ಕಾಯಿಲೆ ಮೊದಲು ಬಂದಿದೆ, ಉತ್ಸಾಹ ಹೋದದ್ದು ಆಮೇಲೆ. ಬಡತನ, ಖಿನ್ನತೆ, ಒಂಟಿತನ ಇವೂ ಹಾಗೆಯೇ. ಒಂದು ಕೈಯಲ್ಲಿ ಉದ್ದೇಶವನ್ನು ಕಸಿದುಕೊಳ್ಳುತ್ತವೆ, ಇನ್ನೊಂದು ಕೈಯಲ್ಲಿ ಆರೋಗ್ಯವನ್ನು. ಸಂಶೋಧಕರು ಇವನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸಲು ಪ್ರಯತ್ನಿಸುತ್ತಾರೆ. ಪೂರ್ತಿ ಸರಿದೂಗಿಸುವುದು ಇಂಥ ಅಧ್ಯಯನಗಳಲ್ಲಿ ಸಾಧ್ಯವಿಲ್ಲ. ಓಸಾಕಿಯಲ್ಲೇ ಇನ್ನೊಂದು ವಿಷಯ ಗಮನಿಸಿ. ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆದ ಸಾವುಗಳಲ್ಲಿ ಕಂಡಷ್ಟು ಸ್ಪಷ್ಟವಾದ ಸಂಬಂಧ ಕ್ಯಾನ್ಸರ್ ಸಾವುಗಳಲ್ಲಿ ಕಾಣಲಿಲ್ಲ. ಹಾಗಾಗಿ ‘ಜೀವನದಲ್ಲಿ ಗುರಿ ಇಲ್ಲದವರಿಗೆ ಕ್ಯಾನ್ಸರ್ ಬರುತ್ತದೆ’ ಎಂಬ ಸಂದೇಶ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಕೀಮೋ ಮಾಡಿಸಿಕೊಳ್ಳುತ್ತಿರುವ ಯಾರಾದರೂ ಅದೇ ಗ್ರೂಪಿನಲ್ಲಿರಬಹುದು.

‘ನಡುವಯಸ್ಸಿನ ಬಿಕ್ಕಟ್ಟು’ ಎಲ್ಲರಿಗೂ ಬರುತ್ತದಾ?

ಇಂಗ್ಲಿಷಿನ ‘ಮಿಡ್‌ಲೈಫ್ ಕ್ರೈಸಿಸ್’ ಎಂಬ ಮಾತನ್ನು ಚಾಲ್ತಿಗೆ ತಂದದ್ದು ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕರ 1965ರ ಒಂದು ಲೇಖನ. ಅವರು ಮುಖ್ಯವಾಗಿ ನೋಡಿದ್ದು ದೊಡ್ಡ ದೊಡ್ಡ ಕಲಾವಿದರ ಬದುಕುಗಳನ್ನು, ನಮ್ಮ ನಿಮ್ಮಂಥವರದ್ದಲ್ಲ. ಆಮೇಲೆ ಅಮೆರಿಕದಲ್ಲಿ ಸಾಮಾನ್ಯ ಜನರನ್ನೇ ಕೇಳಿದಾಗ ಸುಮಾರು ಕಾಲು ಭಾಗದವರು ಮಾತ್ರ ‘ನನಗೂ ಅಂಥ ಬಿಕ್ಕಟ್ಟು ಬಂದಿತ್ತು’ ಎಂದರು. ಅವರಲ್ಲೂ ಅನೇಕರು ಹೇಳಿದ್ದು ಕೆಲಸ ಹೋದದ್ದು, ವಿಚ್ಛೇದನ, ಹತ್ತಿರದವರ ಸಾವು. ಇವು ಯಾವ ವಯಸ್ಸಿನಲ್ಲಾದರೂ ಬರುವ ಕಷ್ಟಗಳೇ.

ನಲವತ್ತೇಳರ ಸುಮಾರಿಗೆ ಮನುಷ್ಯನ ಸಂತೋಷ ತಳ ಮುಟ್ಟಿ ಮತ್ತೆ ಏರುತ್ತದೆ ಎಂಬ ಮಾತನ್ನೂ ನೀವು ಕೇಳಿರಬಹುದು. ಹಲವು ದೇಶಗಳ ಅಂಕಿ ಅಂಶಗಳಲ್ಲಿ ಅಂಥ ಇಳಿಜಾರು ಕಂಡದ್ದು ನಿಜ. 2012ರಲ್ಲಿ 508 ಚಿಂಪಾಂಜಿ, ಒರಾಂಗುಟಾನ್‌ಗಳಲ್ಲೂ, ಅವುಗಳನ್ನು ನೋಡಿಕೊಳ್ಳುವವರ ಅಂದಾಜಿನ ಪ್ರಕಾರ, ಅದೇ ಆಕಾರ ಕಂಡಿತು. ಅವಕ್ಕೆ ಇಎಂಐ ಇರಲಿಲ್ಲ ಎಂಬುದು ನೆನಪಿರಲಿ! ಆದರೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ 23 ದೇಶಗಳ, ಕೃಷಿ ಮತ್ತು ಕಾಡನ್ನು ನಂಬಿ ಬದುಕುವ ಸಮುದಾಯಗಳನ್ನು ನೋಡಿದ 2024ರ ಅಧ್ಯಯನದಲ್ಲಿ ಈ ಆಕಾರ ಎಲ್ಲ ಕಡೆ ಸಿಗಲಿಲ್ಲ. ನಿಸರ್ಗದ ನಿಯಮ ಎನ್ನುವಷ್ಟು ಪುರಾವೆ ಇದಕ್ಕಿಲ್ಲ.

ಭಜನೆ, ಧ್ಯಾನ, ಅಧ್ಯಾತ್ಮ?

‘ಲೌಕಿಕ ಸಾಕು, ಇನ್ನು ಒಳಗೆ ನೋಡಿಕೊಳ್ಳಬೇಕು’ ಎಂಬ ಹಂಬಲ ಈ ವಯಸ್ಸಿನಲ್ಲಿ ಅನೇಕರಿಗೆ ಬರುತ್ತದೆ. ಆ ಹಂಬಲ ಸರಿಯೋ ತಪ್ಪೋ ಎಂದು ಹೇಳುವುದು ವಿಜ್ಞಾನದ ಕೆಲಸವಲ್ಲ. ಆರೋಗ್ಯದ ಮೇಲೆ ಏನಾಗುತ್ತದೆ ಎಂದು ಮಾತ್ರ ಅಳೆಯಬಹುದು.

ಅಮೆರಿಕದ 74,534 ದಾದಿಯರನ್ನು 1996ರಿಂದ 2012ರವರೆಗೆ ಗಮನಿಸಿದ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಪ್ರಾರ್ಥನಾ ಸಭೆಗೆ ಹೋಗುತ್ತಿದ್ದವರ ಸಾವಿನ ಅಪಾಯ, ಎಂದೂ ಹೋಗದವರಿಗಿಂತ ಶೇ. 33ರಷ್ಟು ಕಡಿಮೆ ಇತ್ತು. ಏಕೆ ಎಂದು ಬಿಡಿಸಿ ನೋಡಿದಾಗ ಸಿಕ್ಕ ಎಳೆಗಳು ತೀರಾ ಮನುಷ್ಯ ಮಟ್ಟದವು: ಕಷ್ಟಕ್ಕಾಗುವ ಜನ ಸುತ್ತ ಇದ್ದರು, ಧೂಮಪಾನ ಕಡಿಮೆ ಇತ್ತು, ಖಿನ್ನತೆ ಕಡಿಮೆ ಇತ್ತು, ನಾಳೆಯ ಬಗ್ಗೆ ಭರವಸೆ ಹೆಚ್ಚಿತ್ತು. ಅಲ್ಲಿದ್ದವರು ಬಹುಪಾಲು ಕ್ರೈಸ್ತ ಮಹಿಳೆಯರು, ಹಾಗಾಗಿ ಅದನ್ನು ನೇರವಾಗಿ ನಮ್ಮೂರಿಗೆ ಅಂಟಿಸಲಾಗದು. ಆದರೂ ನಮ್ಮ ಭಜನಾ ಮಂಡಳಿಗಳನ್ನೇ ನೋಡಿ. ಮೂರು ವಾರ ಬಾರದಿದ್ದರೆ ‘ಯಾಕಕ್ಕಾ ಕಾಣ್ಲಿಲ್ಲ, ಹುಷಾರಿದ್ದೀರಾ?’ ಎಂದು ಮನೆಗೇ ಬಂದು ಕೇಳುವವರು ಅಲ್ಲಿರುತ್ತಾರೆ. ಕೋಣೆಯಲ್ಲಿ ಒಬ್ಬರೇ ಕೂತು ಹಣ ಕೊಟ್ಟು ಕೇಳುವ ಆ್ಯಪ್ ಅದನ್ನು ಕೇಳುವುದಿಲ್ಲ. ಆ್ಯಪ್ ಕೆಟ್ಟದ್ದು ಎನ್ನುತ್ತಿಲ್ಲ, ಎರಡೂ ಒಂದೇ ಅಲ್ಲ ಎನ್ನುತ್ತಿದ್ದೇನೆ.

ಇನ್ನೊಬ್ಬರಿಗೆ ಕೈ ಹಚ್ಚುವುದರಿಂದ ಬದುಕಿಗೆ ಅರ್ಥ ಬಂದಂತೆ ಅನಿಸುತ್ತದೆ ಎನ್ನುವುದಕ್ಕೆ ಕೊಡೆ–ಮಳೆಯ ಗೊಂದಲವಿಲ್ಲದ ಪುರಾವೆಯೂ ಇದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 60 ದಾಟಿದ 702 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಸುಮಾರು 15 ಗಂಟೆ ಪ್ರಾಥಮಿಕ ಶಾಲೆಗೆ ಹೋಗಿ ಮಕ್ಕಳಿಗೆ ಓದಲು ಸಹಾಯ ಮಾಡಿತು. ಮುಂದಿನ ಪೀಳಿಗೆಗೆ ತಾನು ಏನನ್ನೋ ಕೊಡುತ್ತಿದ್ದೇನೆ ಎಂಬ ಭಾವನೆ ಈ ಗುಂಪಿನಲ್ಲಿ ಹೆಚ್ಚಾಯಿತು. ಅವರು ಯಾರೂ ಮೊದಲು ‘ನನ್ನ ಉದ್ದೇಶ ಏನು’ ಎಂದು ವೃತ್ತ ಬರೆಯಬೇಕಾಗಿರಲಿಲ್ಲ. ಶಾಲೆಗೆ ಹೋದರು, ಅಷ್ಟೇ. ಕಾಯಕ, ದಾಸೋಹ ಎಂಬ ಎರಡು ಪದಗಳನ್ನು ಎಂಟುನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬಲ್ಲ ನಾಡಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೆಲ್ಲಿದ ಅಕ್ಕಿ ಆಯುವುದೂ ಅಲ್ಲಿ ಕಾಯಕವಾಗಿತ್ತು. ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ವಾಪಸ್ ಸುರಿದು ಬನ್ನಿ ಎಂದ ಲಕ್ಕಮ್ಮನ ಕಥೆ ನಿಮಗೆ ಗೊತ್ತೇ ಇದೆ.

ಮೊದಲು ಡಾಕ್ಟರ ಹತ್ತಿರ

‘ಏನೂ ಬೇಡ ಅನಿಸುತ್ತಿದೆ’ ಎಂಬುದು ಪ್ರತಿ ಸಲವೂ ಅಧ್ಯಾತ್ಮದ ಕರೆಯಾಗಿರುವುದಿಲ್ಲ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಎಲ್ಲವೂ ಸುಸ್ತು, ನಿರಾಸಕ್ತಿಯ ವೇಷದಲ್ಲೇ ಬರುತ್ತವೆ. ಸಾಧಾರಣ ರಕ್ತ ಪರೀಕ್ಷೆಗಳಲ್ಲಿ ಇವು ಗೊತ್ತಾಗುತ್ತವೆ. ಭಾರತದಲ್ಲಿ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47ರ ಸುಮಾರು. ಅದಕ್ಕೆ ಕೆಲವು ವರ್ಷ ಮೊದಲೇ ನಿದ್ದೆ ಕೆಡುವುದು, ಕಾರಣವಿಲ್ಲದೆ ಅಳು ಬರುವುದು, ಸಿಡುಕು ಶುರುವಾಗಬಹುದು. ಅಂಥವರಿಗೆ ‘ನಿಮ್ಮ ಇಕಿಗಾಯ್ ಹುಡುಕಿಕೊಳ್ಳಿ’ ಎಂದು ಚಿತ್ರ ಕಳಿಸುವುದರಿಂದ ಏನೂ ಆಗುವುದಿಲ್ಲ. ಜೊತೆಗೆ ಆಸ್ಪತ್ರೆಗೆ ಹೋದರೆ ಆಗುತ್ತದೆ.

ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ರುಚಿ ಇಲ್ಲದಿದ್ದರೆ, ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ ಎರಡು ವಾರ ಕಾಯಬೇಡಿ, ಇವತ್ತೇ ಯಾರಿಗಾದರೂ ಹೇಳಿ. ಕೆಲಸ ಬಿಡುವುದು, ಮನೆ ಮಾರುವುದು, ಎಲ್ಲ ತೊರೆದು ಆಶ್ರಮ ಸೇರುವುದು, ಇಂಥ ದೊಡ್ಡ ನಿರ್ಧಾರಗಳನ್ನು ಆ ಸ್ಥಿತಿಯಲ್ಲಿ ಮುಂದೂಡಿ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಸೇವೆಯ ಮೇಲ್ವಿಚಾರಣೆ ಬೆಂಗಳೂರಿನ ನಿಮ್ಹಾನ್ಸ್‌ನದ್ದು. ಕನ್ನಡದಲ್ಲೇ ಮಾತನಾಡಬಹುದು. ಆ ನಾಲ್ಕು ವೃತ್ತಗಳ ಚಿತ್ರ ಮುಂದಿನ ಸಲ ಗ್ರೂಪಿಗೆ ಬಂದಾಗ ಅದರ ಕೆಳಗೆ ಈ ನಂಬರನ್ನು ಹಾಕಿ.